ಉಳುಕಿದ ಕಾಲಲ್ಲಿ ಮಲ್ಲಯ್ಯನ ದಾರಿ: ಆದೋನಿಯಿಂದ ಶ್ರೀಶೈಲಕ್ಕೆ ಎಂಟು ದಿನ

ಮನೆಗೆ ಬಂದು ಎರಡು ವಾರವಾಯಿತು. ಬಲಪಾದದ ಕೀಲು ಸಂಜೆ ಹೊತ್ತಿಗೆ ಇನ್ನೂ ಸ್ವಲ್ಪ ಊದುತ್ತದೆ. ಹೊಲಿಗೆ ಮಷೀನಿನ ಪೆಡಲು ತುಳಿಯುವುದು ಅದೇ ಕಾಲು. ಹಾಗಾಗಿ ಒಂದು ಗಂಟೆ ಹೊಲಿದರೆ ಅರ್ಧ ಗಂಟೆ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂರುತ್ತೇನೆ. ಆ ಅರ್ಧರ್ಧ ಗಂಟೆಗಳಲ್ಲೇ ಇದನ್ನು ಬರೆದೆ.

ನಮ್ಮದು ಆದೋನಿ. ಜಿಲ್ಲೆ ಆಂಧ್ರದ ಕರ್ನೂಲು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು. ಯುಗಾದಿ ಹತ್ತಿರ ಬಂತೆಂದರೆ ಬಳ್ಳಾರಿ, ಸಿರುಗುಪ್ಪ ಕಡೆಯವರು ನಮ್ಮ ರಸ್ತೆಯಲ್ಲಿ ಗುಂಪು ಗುಂಪಾಗಿ ನಡೆದು ಹೋಗುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಬೇರೆ ದಾರಿಯಲ್ಲಿ ಬಂದು ಮುಂದೆ ಸೇರಿಕೊಳ್ಳುತ್ತಾರೆ. ಎಲ್ಲರೂ ಹೋಗುವುದು ಶ್ರೀಶೈಲಕ್ಕೆ. ಕನ್ನಡದವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಅರಿಶಿನ ಕುಂಕುಮ ಕೊಡಬೇಕಲ್ವಾ? ಅದಕ್ಕೇ ಈ ನಡಿಗೆ.

ಚಿಕ್ಕವಳಿದ್ದಾಗಿಂದ ಹೋಗುವವರಿಗೆ ನೀರು ಕೊಟ್ಟವಳು ನಾನು. 2025ರ ಯುಗಾದಿಗೆ ನಾನೇ ಹೊರಟೆ. ನಮ್ಮ ಗುಂಪಿನಲ್ಲಿ ಹನ್ನೊಂದು ಜನ. ಮುಂದೆ ನಮ್ಮ ಸೋದರತ್ತೆ. ಅವರಿಗೆ 64 ವರ್ಷ. ಹನ್ನೊಂದು ಸಲ ಹೋಗಿ ಬಂದವರು, ಒಂದು ಸಲವೂ ದಾರಿಯಲ್ಲಿ ಗಾಡಿ ಹತ್ತಿದವರಲ್ಲ. ಅದೂ ಬರಿಗಾಲಲ್ಲಿ. ಅವರ ಜೊತೆ ನಮ್ಮ ಚಿಕ್ಕಪ್ಪನ ಮಗಳು, ಪಕ್ಕದ ಮನೆಯ ಅಣ್ಣ ಅತ್ತಿಗೆ, ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಇಬ್ಬರು ಹುಡುಗರು, ಇನ್ನುಳಿದವರು ಓಣಿಯ ಹೆಣ್ಣುಮಕ್ಕಳು.

ಅಮ್ಮನವರಿಗೆಂದು ನಾನು ಹಸಿರು ಇಳಕಲ್ ಖಣದ ಒಂದು ಕುಪ್ಪಸ ಹೊಲಿದಿದ್ದೆ. ಅದನ್ನು ಟವೆಲಿನಲ್ಲಿ ಸುತ್ತಿ ಚೀಲದ ಅಡಿಯಲ್ಲಿ ಇಟ್ಟಿದ್ದೆ.

ಮೊದಲ ದಿನ, ಮಾರ್ಚ್ 20: ಆದೋನಿಯಿಂದ ಎಮ್ಮಿಗನೂರು

ಬೆಳಗಿನ ಮೂರಕ್ಕೆ ಹೊರಟೆವು. ಈ ದಾರಿಯ ಮೊದಲ ಪಾಠವೇ ಇದು. ಹತ್ತು ಗಂಟೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿಯಬೇಕು. ಆಮೇಲೆ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಡಾಂಬರು ಮೆತ್ತಗಾಗಿ ಬರಿಗಾಲಿನವರಿಗೆ ಕಾಲಿಡಲು ಆಗುವುದಿಲ್ಲ.

ನಾನು ಹಳೆಯ ಕ್ಯಾನ್ವಾಸ್ ಶೂ ಹಾಕಿದ್ದೆ. ಅತ್ತೆ ಒಂದು ಸಲ ನೋಡಿ ಸುಮ್ಮನಾದರು. ಹೊಸ ಶೂ ಯಾರೂ ಹಾಕಬೇಡಿ. ನಮ್ಮ ಅತ್ತಿಗೆ ಹೊಸದು ಕೊಂಡು ತಂದಿದ್ದರು, ಮಧ್ಯಾಹ್ನದೊಳಗೆ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದವು. ಆಮೇಲೆ ಶೂ ಚೀಲ ಸೇರಿತು, ರಬ್ಬರ್ ಚಪ್ಪಲಿ ಹೊರಬಂತು.

ಹೊಲಗಳಲ್ಲಿ ಕಡಲೆ ಕಿತ್ತಾಗಿತ್ತು. ಹತ್ತಿ ಗಿಡದ ಒಣಕಡ್ಡಿ ನಿಂತಿತ್ತು. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಉಗ್ಗಾಣಿ ಬಜ್ಜಿ ತಿಂದೆವು. ಮಂಡಕ್ಕಿ ನೆನೆಸಿ, ಪುಟಾಣಿ ಪುಡಿ ಹಾಕಿ ಒಗ್ಗರಣೆ ಕೊಟ್ಟ ಉಗ್ಗಾಣಿಗೆ ಬಿಸಿ ಮೆಣಸಿನಕಾಯಿ ಬಜ್ಜಿ. ನಮ್ಮ ಸೀಮೆಯವರಿಗೆ ಅದಿಲ್ಲದೆ ಬೆಳಗಾಗುವುದಿಲ್ಲ.

ಎಮ್ಮಿಗನೂರು ಮೂವತ್ತು ಕಿಲೋಮೀಟರ್ ಹತ್ತಿರ. ಅದು ನೇಕಾರರ ಊರು. ಮಾಚಾನಿ ಸೋಮಪ್ಪನವರು ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಹೆಸರಾದದ್ದು. ಅಲ್ಲಿಯೂ ಎಷ್ಟೋ ಮನೆಗಳಲ್ಲಿ ಕನ್ನಡವೇ. ರಾತ್ರಿ ಒಂದು ಗುಡಿಯ ಮಂಟಪದಲ್ಲಿ ಮಲಗಿದೆವು. ಓಣಿಯವರು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದಿಟ್ಟರು. ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. "ಇನ್ನೊಂದು ಹಾಕ್ಲಾ?" ಎಂದಷ್ಟೇ ಕೇಳಿದರು.

ಎರಡನೇ ದಿನ: ಗೋನೆಗಂಡ್ಲ ದಾಟಿ ಕೋಡುಮೂರಿನ ಕಡೆಗೆ

ಇದು ಬಿಸಿಲಿನ ದಿನ, ಹೇಳಲು ಜಾಸ್ತಿ ಇಲ್ಲ. ನೆರಳಿಲ್ಲದ ರಸ್ತೆ. ಮರ ಕಂಡಲ್ಲಿ ಕೂತೆವು. ಹುಡುಗರು ಒಂದು ಕಲ್ಲಂಗಡಿ ಕೊಂಡು ಮೊಣಕಾಲಿಗೆ ಹೊಡೆದು ಒಡೆದರು, ಹನ್ನೊಂದು ಪಾಲಾಯಿತು.

ಒಬ್ಬ ಹುಡುಗ ಮರಗಾಲು ಕಟ್ಟಿಕೊಂಡು ಹೋಗುವುದನ್ನು ಕಂಡದ್ದು ಅವತ್ತೇ. ಎರಡು ಉದ್ದ ಕೋಲು, ಅದರ ಮೇಲೆ ಪಾದ, ಪೂರ್ತಿ ದಾರಿ ಹಾಗೆಯೇ. ಜೊತೆಗಾರರಿಬ್ಬರು ಎರಡೂ ಪಕ್ಕದಲ್ಲಿ ನಡೆಯುತ್ತಿದ್ದರು. ಅವನು ನಿಂತಾಗ ಅವರು ಹೆಗಲು ಕೊಡುತ್ತಿದ್ದರು. ಅತ್ತೆ ಅವನನ್ನಲ್ಲ, ಆ ಇಬ್ಬರನ್ನು ನೋಡಿ ಕೈಮುಗಿದರು. ಆಗ ನನಗೆ ಅದು ಅಷ್ಟಾಗಿ ತಿಳಿಯಲಿಲ್ಲ.

ಮೂರನೇ ದಿನ: ಕತ್ತಲಲ್ಲಿ ಒಂದು ಹೆಜ್ಜೆ

ಕೋಡುಮೂರು ಬಿಟ್ಟು ಒಂದು ಗಂಟೆ ಆಗಿತ್ತು. ಬೆಳಗಿನ ನಾಲ್ಕು ಗಂಟೆ ಇರಬಹುದು. ಎದುರಿಗೆ ಲಾರಿ ಬಂತು, ದೀಪ ಕಣ್ಣಿಗೆ ಹೊಡೆಯಿತು. ಪಕ್ಕಕ್ಕೆ ಸರಿದೆ. ಡಾಂಬರಿನ ಅಂಚು ಅಲ್ಲಿ ಅರ್ಧ ಅಡಿ ಕೆಳಗಿತ್ತು. ಬಲಪಾದ ಒಳಕ್ಕೆ ಮಡಚಿಕೊಂಡಿತು. ಟಕ್ ಎಂದು ಸದ್ದು ಕೇಳಿಸಿತು. ನನಗೆ ಮಾತ್ರ ಕೇಳಿಸಿರಬೇಕು.

ಹಾಗೇ ರಸ್ತೆ ಬದಿಯಲ್ಲಿ ಕೂತುಬಿಟ್ಟೆ. ನೋವಿಗಿಂತ ಮೊದಲು ಹೆದರಿಕೆ ಬಂತು. ಆ ಕಾಲಿಲ್ಲದೆ ಮಷೀನಿಲ್ಲ, ಮಷೀನಿಲ್ಲದೆ ಮನೆಯಿಲ್ಲ.

"ಏನಾತವ್ವ?" ಎನ್ನುತ್ತಾ ಅತ್ತೆ ಬಂದರು. ಬ್ಯಾಟರಿ ಬಿಟ್ಟು ನೋಡಿದರು. ಹೊರಗಿನ ಎಲುಬಿನ ಕೆಳಗೆ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಪಕ್ಕದ ಗುಂಪಿನ ಹಿರಿಯರೊಬ್ಬರು ಎಣ್ಣೆ ಬಾಟಲಿ ತೆಗೆದು, "ಎಳೆದು ಬಿಡ್ತೀನಿ ತಾಯಿ, ಒಂದೇ ಸಲ" ಎಂದರು. ಅತ್ತೆ ಅವರ ಕೈ ಹಿಡಿದು ಬೇಡ ಎಂದರು. ಅವರ ಮಾತು ಎಷ್ಟು ಸರಿ ಎಂದು ಆಮೇಲೆ ಡಾಕ್ಟರೂ ಹೇಳಿದರು. ಹೊಸ ಉಳುಕನ್ನು ತಿಕ್ಕಬಾರದು, ಎಳೆಯಬಾರದು, ಮೊದಲ ಎರಡು ದಿನ ಬಿಸಿ ಕೊಡಬಾರದು. ಒಳಗೆ ಹರಿದ ಸಣ್ಣ ರಕ್ತನಾಳಗಳಿಂದ ರಕ್ತ ಒಸರುತ್ತಿರುತ್ತದೆ, ತಿಕ್ಕಿದರೆ ಊತ ಜಾಸ್ತಿಯಾಗುತ್ತದೆ. ತಂಪು, ಬಿಗಿ ಬಟ್ಟೆ, ಕಾಲು ಎತ್ತರಕ್ಕೆ, ಸುಮ್ನೆ ಕೂರುವುದು. ಇಷ್ಟೇ.

ತಂಗಿ ನೀರಿನಲ್ಲಿ ಅದ್ದಿದ ದುಪಟ್ಟಾ ಸುತ್ತಿದಳು. ಟೊಮೆಟೊ ಹೇರಿಕೊಂಡು ಕರ್ನೂಲಿಗೆ ಹೊರಟಿದ್ದ ಒಂದು ಆಟೋ ನಿಂತಿತು. ಡ್ರೈವರ್ ಕ್ರೇಟ್‌ಗಳನ್ನು ಒತ್ತರಿಸಿ ಜಾಗ ಮಾಡಿಕೊಟ್ಟ. ನನ್ನ ಜೊತೆ ಯಾರು ಹೋಗಬೇಕು ಎಂಬ ಮಾತು ಬರುವ ಮೊದಲೇ ಅತ್ತೆ ಆಟೋದಲ್ಲಿ ಕೂತಿದ್ದರು.

"ಅತ್ತೆ, ನೀವು ಬೇಡ. ತಂಗಿ ಬರಲಿ. ನಿಮ್ಮ ನಡಿಗೆ…"

"ಕುಂದ್ರು ಸುಮ್ನೆ" ಎಂದರು. ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡರು. ಕರ್ನೂಲು ಬರುವವರೆಗೆ ನಾನು ಅತ್ತದ್ದು ಕಾಲಿಗಲ್ಲ.

ನಾಲ್ಕನೇ ದಿನ: ಕರ್ನೂಲಿನಲ್ಲಿ ತುಂಗಭದ್ರೆಯ ಪಕ್ಕ

ಮೂಳೆ ಡಾಕ್ಟರು ಚಿಕ್ಕ ವಯಸ್ಸಿನವರು. ಎಲುಬಿನ ಮೇಲೆ ಎರಡು ಮೂರು ಕಡೆ ಒತ್ತಿ ನೋಡಿದರು. ನಾಲ್ಕು ಹೆಜ್ಜೆ ಇಡಿ ಎಂದರು. ಇಟ್ಟೆ, ಕುಂಟುತ್ತಾ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಅಥವಾ ಎಲುಬಿನ ಮೇಲೆಯೇ ಒತ್ತಿದಾಗ ನೋವಿದ್ದರೆ, ಎಕ್ಸ್‌ರೇ ತಪ್ಪಿಸಬಾರದಂತೆ. ನನಗೂ ತೆಗೆಸಿದರು. ಮುರಿದಿರಲಿಲ್ಲ. ಲಿಗಮೆಂಟ್ ಎಳೆದುಕೊಂಡಿದೆ, ಪೂರ್ತಿ ಹರಿದಿಲ್ಲ ಎಂದರು. ಒಂದು ವಾರವಾದರೂ ವಿಶ್ರಾಂತಿ ತೆಗೆದುಕೊಳ್ಳಿ ಎಂದೂ ಹೇಳಿದರು.

"ಶ್ರೀಶೈಲಕ್ಕೆ ನಡೆಯುತ್ತಿದ್ದೀವಿ" ಎಂದೆ.

ಅವರು ಬೈಯಲಿಲ್ಲ. ಕ್ರೇಪ್ ಬ್ಯಾಂಡೇಜ್ ಕಟ್ಟುವುದನ್ನು ಅತ್ತೆಗೆ ಕಲಿಸಿದರು. ಬೆರಳಿನ ಬುಡದಿಂದ ಶುರುಮಾಡಿ ಮೇಲಕ್ಕೆ ಬರಬೇಕು, ಕೀಲಿನ ಸುತ್ತ ಎಂಟರ ಅಂಕಿಯ ಹಾಗೆ. ಬೆರಳು ನೀಲಿಯಾದರೆ, ಜುಮುಜುಮು ಎಂದರೆ ಬಿಚ್ಚಿ ಮತ್ತೆ ಕಟ್ಟಬೇಕು. ರಾತ್ರಿ ತೆಗೆದಿಡಬೇಕು. ಇನ್ನೊಂದು ಮಾತನ್ನು ಎರಡು ಸಲ ಹೇಳಿದರು: "ನೋವಿನ ಮಾತ್ರೆ ನುಂಗಿ ನಡೆಯಬೇಡಿ. ನೋವು ನಿಮಗೆ ಏನೋ ಹೇಳುತ್ತಿರುತ್ತದೆ, ಮಾತ್ರೆ ಅದರ ಬಾಯಿ ಮುಚ್ಚುತ್ತದೆ. ರಾತ್ರಿ ಮಲಗುವಾಗ ತಗೊಳ್ಳಿ."

ನಾವಿಬ್ಬರೂ ಎರಡು ರಾತ್ರಿ ಕರ್ನೂಲಿನ ಒಂದು ಛತ್ರದಲ್ಲಿ ಉಳಿದೆವು. ಉಳಿದ ಒಂಬತ್ತು ಜನ ಮೂರನೇ ದಿನ ಸಂಜೆ ಕರ್ನೂಲು ಸೇರಿ, ನಾಲ್ಕನೇ ದಿನ ಬೆಳಗಿನ ಜಾವ ನಂದಿಕೊಟ್ಕೂರಿಗೆ ಹೊರಟರು. ಹೊರಡುವ ಮೊದಲು ನನ್ನ ಚೀಲವನ್ನು ಬಿಚ್ಚಿ ಹಂಚಿಕೊಂಡರು. ಒಬ್ಬರಿಗೆ ಹಾಸು, ಒಬ್ಬರಿಗೆ ಸೀರೆಗಳು, ಒಬ್ಬರಿಗೆ ಚಟ್ನಿಪುಡಿ ಡಬ್ಬಿ. ಕುಪ್ಪಸವನ್ನು ಮಾತ್ರ ನಾನು ಕೊಡಲಿಲ್ಲ.

ಸಂಜೆ ಅತ್ತೆ ಆಟೋ ಮಾಡಿ ನದಿಯ ದಂಡೆಗೆ ಕರೆದೊಯ್ದರು. ಬರುವಾಗ ಕೊಂಡಾರೆಡ್ಡಿ ಬುರುಜು ಕಾಣಿಸಿತು. 1953ರಿಂದ 56ರವರೆಗೆ ಈ ಊರು ಆಂಧ್ರ ರಾಜ್ಯದ ರಾಜಧಾನಿ ಆಗಿತ್ತು. ಮಾರ್ಚ್ ತಿಂಗಳಲ್ಲಿ ತುಂಗಭದ್ರೆಯಲ್ಲಿ ನೀರು ಕಡಿಮೆ, ಬಂಡೆಗಳೇ ಜಾಸ್ತಿ. ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಬಿಟ್ಟೆ. ತಣ್ಣಗಿತ್ತು.

"ಈ ನೀರೂ ಅಲ್ಲಿಗೇ ಹೋಗ್ತತಿ" ಎಂದರು ಅತ್ತೆ. ನಿಜ. ತುಂಗಭದ್ರೆ ಇಲ್ಲಿಂದ ಮುಂದೆ ಸಂಗಮೇಶ್ವರದ ಹತ್ತಿರ ಕೃಷ್ಣೆಗೆ ಸೇರುತ್ತದೆ. ಅಲ್ಲಿಯ ಗುಡಿ ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರು ಇಳಿದಾಗ ಹೊರಬರುತ್ತದೆ. ಅದೇ ನೀರು ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆ ಆಗುತ್ತದೆ.

ಆಗ ಕೇಳಿದೆ: "ಅತ್ತೆ, ಹನ್ನೊಂದು ಸಲ ಗಾಡಿ ಹತ್ತದವರು ನನಗೋಸ್ಕರ ಹತ್ತಿದ್ರಲ್ಲ?"

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಮ್ಮ ಮೊದಲ ವರ್ಷದ ಕಥೆ ಹೇಳಿದರು. ಮಾವ ತೀರಿಕೊಂಡ ವರ್ಷ ಅದು. ಆಗ ಒಬ್ಬರೇ ಬಂದಿದ್ದರಂತೆ. ಕಾಡಿನಲ್ಲಿ ಹೆಬ್ಬೆರಳ ಉಗುರು ಕಿತ್ತುಬಂತು, ರಕ್ತ ನಿಲ್ಲಲಿಲ್ಲ. ಜಮಖಂಡಿ ಕಡೆಯ ಒಬ್ಬ ಮುದುಕಿ ತನ್ನ ಗುಂಪನ್ನು ಮುಂದೆ ಬಿಟ್ಟು ರಾತ್ರಿಯೆಲ್ಲ ಇವರ ಕಾಲು ಹಿಡಿದು ಕೂತಳು. "ಹೆಸರೂ ಕೇಳಲಿಲ್ಲ ನಾನು. ಆಯಮ್ಮನ ಲೆಕ್ಕ ನನ್ನ ಮೇಲೆ ಉಳಿದಿತ್ತು."

ಐದನೇ ದಿನ: ಒಂದು ಅಂಗಡಿಯ ಮುಂದಿನ ಬೆಂಚು

ಬೆಳಿಗ್ಗೆ ಬಸ್ಸು ಹತ್ತಿ ನಂದಿಕೊಟ್ಕೂರು ದಾಟಿ, ಆತ್ಮಕೂರಿಗೆ ಇನ್ನು ಸುಮಾರು ಎಂಟು ಕಿಲೋಮೀಟರ್ ಇರುವಾಗ ಇಳಿದೆವು. ಇದು ಅತ್ತೆಯ ಲೆಕ್ಕಾಚಾರ. ಕಾಲು ನಡೆಯುತ್ತದೋ ಇಲ್ಲವೋ ಎಂದು ಇಲ್ಲೇ, ಬಸ್ಸು ಓಡಾಡುವ ರಸ್ತೆಯಲ್ಲೇ ನೋಡಬೇಕು. ಕಾಡಿನೊಳಗೆ ಹೋದ ಮೇಲೆ ಪರೀಕ್ಷೆ ಮಾಡಬಾರದು.

ಕರ್ನೂಲಿನಲ್ಲಿ ಒಂದು ಬಿದಿರಿನ ಕೋಲು ಕೊಂಡಿದ್ದೆ. ಅದನ್ನು ನೋವಿನ ಕಾಲಿನ ಕಡೆ ಹಿಡಿದುಕೊಂಡಿದ್ದೆ. ದಾರಿಯಲ್ಲಿ ಸಿಕ್ಕ ಒಬ್ಬ ರಿಟೈರ್ ಆದ ನರ್ಸಮ್ಮ ನೋಡಿ, ಕೋಲನ್ನು ಎಡಗೈಗೆ ಕೊಟ್ಟರು. ನೋವು ಬಲಗಾಲಿಗಾದರೆ ಕೋಲು ಎಡಗೈಯಲ್ಲಿ ಇರಬೇಕಂತೆ. ಬಲಗಾಲು ಮತ್ತು ಕೋಲು ಒಟ್ಟಿಗೆ ಮುಂದೆ ಹೋಗಬೇಕು. ಹತ್ತು ಹೆಜ್ಜೆ ಹಾಗೆ ನಡೆದ ಮೇಲೆ ನಾನೇ ನಿಂತುಬಿಟ್ಟೆ. ಅಷ್ಟು ಹಗುರ ಅನಿಸಿತು. ಅವರು ಇನ್ನೊಂದು ಹೇಳಿಕೊಟ್ಟರು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಬಾಯಿಪಾಠ ಮಾಡಿಕೊಂಡೆ. ಮುಂದೆ ಭೀಮುನಿ ಕೊಲನು ಎಂಬ ಕಣಿವೆಯ ಮೆಟ್ಟಿಲಲ್ಲಿ ನನ್ನನ್ನು ದಾಟಿಸಿದ್ದು ಈ ಒಂದು ಮಾತು.

ನಾಲ್ಕು ಕಿಲೋಮೀಟರ್ ಆಗುವಷ್ಟರಲ್ಲಿ ಕೀಲು ಮಿಡಿಯತೊಡಗಿತು. ಒಂದು ಹಳ್ಳಿಯಲ್ಲಿ ರಸ್ತೆಗೇ ಅಂಟಿಕೊಂಡಂತೆ ಒಂದು ಚಿಕ್ಕ ಅಂಗಡಿ. ಮುಂದೆ ಕಲ್ಲು ಬೆಂಚು, ಬೇವಿನ ಮರ. ಅಂಗಡಿಯಾಕೆಗೆ ಐವತ್ತು ದಾಟಿರಬಹುದು. ನಾನು ಕೂರುವ ಮೊದಲೇ, "ನೊಪ್ಪಿ ಉಂದಾ?" ಎಂದು ಕೇಳಿದಳು. ನೋವಿದೆಯಾ ಎಂದು. ತಲೆಯಾಡಿಸಿದೆ. ಒಳಗೆ ಹೋಗಿ ತಂಪು ನೀರಿನ ಬಕೆಟ್ಟು ತಂದಿಟ್ಟಳು. ಹೊತ್ತು ಹೋಗಲೆಂದು ಮಾತಾಡಿಸಿದಳು. ಹದಿನೈದು ದಿನದಿಂದ ಈ ರಸ್ತೆಯಲ್ಲಿ ಹೋಗುವವರಿಗೆಲ್ಲ ಅವಳ ಮನೆಯಿಂದ ಮಜ್ಜಿಗೆ. ಎರಡು ಎಮ್ಮೆಯ ಹಾಲು ಈ ದಿನಗಳಲ್ಲಿ ಡೇರಿಗೆ ಹೋಗುವುದಿಲ್ಲ.

"ನೀವೂ ಒಂದು ಸಲ ನಡೆದು ಹೋಗಬಾರದಾ?" ಎಂದು ಅತ್ತೆ ಅರೆ ತೆಲುಗಿನಲ್ಲಿ ಕೇಳಿದರು.

ಆಕೆ ಹೇಳಿದ್ದು ಇಷ್ಟು: ನಾನು ಹೋದರೆ ಮಜ್ಜಿಗೆ ಯಾರು ಕೊಡುತ್ತಾರೆ?

ಹೊರಡುವಾಗ ದುಡ್ಡು ಮುಟ್ಟಲಿಲ್ಲ. ಬರುವಾಗ ಬಸ್ಸಿನಲ್ಲಿ ಬರುತ್ತೀರಲ್ಲ, ಇಲ್ಲಿ ಇಳಿದು ಕಾಲು ತೋರಿಸಿ ಹೋಗು ಎಂದಳು.

ಆತ್ಮಕೂರು ಸೇರಿದಾಗ ಮಧ್ಯಾಹ್ನ ಎರಡು. ನಮ್ಮವರು ಸಂಜೆ ಬಂದರು. ಹುಡುಗರು ದೂರದಿಂದಲೇ ಕೂಗಿದರು: "ಅಕ್ಕಾ, ನಡ್ಕೊಂಡು ಬಂದ್ರಾ?" ಎಂಟೇ ಕಿಲೋಮೀಟರ್. ಆದರೂ ಹೌದು ಎಂದೆ.

ಆರನೇ ದಿನ: ವೆಂಕಟಾಪುರದಿಂದ ನಾಗಲೂಟಿ

ವೆಂಕಟಾಪುರದಲ್ಲಿ ಡಾಂಬರು ಮುಗಿಯುತ್ತದೆ. ಅಲ್ಲಿಂದ ನಲ್ಲಮಲ ಕಾಡು. ಶ್ರೀಶೈಲದವರೆಗೆ ನಲವತ್ತು ಕಿಲೋಮೀಟರಿಗೂ ಜಾಸ್ತಿ. ದೇಶದಲ್ಲೇ ದೊಡ್ಡದಾದ ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ ಇದು. ಕಾಲುದಾರಿಯನ್ನು ಶಿವರಾತ್ರಿಗೆ, ಯುಗಾದಿಗೆ ಜನರಿಗೆ ತೆರೆಯುತ್ತಾರೆ. ಗುಂಪು ಬಿಟ್ಟು ಹೋಗಬಾರದು, ಪ್ಲಾಸ್ಟಿಕ್ ಎಸೆಯಬಾರದು, ಬೆಂಕಿ ಹಚ್ಚಬಾರದು. ಒಣ ಎಲೆ ಮೊಣಕಾಲವರೆಗೆ ಬಿದ್ದಿರುವ ಕಾಡಿನಲ್ಲಿ ಒಂದು ಬೀಡಿಯ ಕಿಡಿ ಸಾಕು. ಅಲ್ಲಲ್ಲಿ ತಿಂಡಿ ಪೊಟ್ಟಣ, ನೀರಿನ ಪೌಚ್ ಬಿದ್ದಿರುವುದನ್ನು ಕಂಡು ಹೊಟ್ಟೆ ಉರಿಯಿತು. ಮಗಳ ಮನೆಯ ಅಂಗಳ ಇದು. ನಮ್ಮ ಹುಡುಗರು ಒಂದು ಗೋಣಿಚೀಲ ತಂದಿದ್ದರು, ಸಿಕ್ಕಷ್ಟು ಆರಿಸಿ ತುಂಬಿದರು.

ಈ ದಾರಿ ಇಡೀ ಕನ್ನಡವೇ. ಮುಂದೆ ಒಬ್ಬ ತಾತ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಅಂದರೆ ದೇವರ ಹೆಸರಿನ ಕಾವಡಿ, ಹೊತ್ತು ನಡೆಯುತ್ತಿದ್ದ. ಹಿಂದೆ ಗೋಕಾಕ ಕಡೆಯ ಹೆಂಗಸರು ಹಾಡುತ್ತಾ ಬರುತ್ತಿದ್ದರು. ಊರು ಕೇಳುವುದು, ಎಷ್ಟನೇ ವರ್ಷ ಎಂದು ಕೇಳುವುದು, "ಬರ್ರಿ ಯವ್ವ, ಹೋಗೋಣು" ಎನ್ನುವುದು. ಹನ್ನೆರಡನೇ ಶತಮಾನದಲ್ಲಿ ಉಡುತಡಿಯ ಅಕ್ಕ ಮಹಾದೇವಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಇದೇ ಬೆಟ್ಟಕ್ಕೆ ಬಂದಳು. ಯಾವ ದಾರಿಯಲ್ಲಿ ನಡೆದಳೋ. ಒಬ್ಬಳೇ ನಡೆದಳಲ್ಲ ಎಂಬುದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಬಿದ್ದಾಗ ಯಾರು ಹಿಡಿದರು?

ಮುತ್ತುಗ ಹೂಬಿಟ್ಟಿತ್ತು. ಬಿದಿರು ಒಣಗಿ ಕಿರುಗುಟ್ಟುತ್ತಿತ್ತು. ಮಣ್ಣಿನ ದಾರಿ ಡಾಂಬರಿಗಿಂತ ನನ್ನ ಕಾಲಿಗೆ ಹಿತವಾಗಿತ್ತು. ಆದರೆ ಉರುಟು ಕಲ್ಲುಗಳು ಹೆಚ್ಚು. ಕಣ್ಣು ಯಾವಾಗಲೂ ನೆಲದ ಮೇಲೆಯೇ. ಅತ್ತೆ ನನ್ನ ಮುಂದೆ ಎರಡು ಹೆಜ್ಜೆ ದೂರದಲ್ಲಿ ನಡೆಯುತ್ತಾ "ಕಲ್ಲು", "ಬೇರು", "ತಗ್ಗು" ಎಂದು ಹೇಳುತ್ತಾ ಹೋದರು. ಗುಂಪಿನ ಉಳಿದವರೂ ಅವರ ಹಿಂದೆಯೇ ಉಳಿದರು. ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆಯುವ ಹುಡುಗರು ನನ್ನ ಹಿಂದೆ ಆಮೆಯ ಹಾಗೆ ಬರುತ್ತಿದ್ದರು. ಮುಂದೆ ಹೋಗಿ ಎಂದೆ. "ಹೋಗಿ ಏನ್ ಮಾಡೋದಕ್ಕಾ?" ಎಂದರು.

ನಾಗಲೂಟಿಯ ವೀರಭದ್ರನ ಹಳೆಯ ಗುಡಿಯ ಹತ್ತಿರ ರಾತ್ರಿ. ಅನ್ನ, ಸಾರು, ಒಂದು ಚೂರು ಬೆಲ್ಲ. ಅಲ್ಲಿ ಹಬ್ಬದ ದಿನಗಳ ವೈದ್ಯ ಶಿಬಿರವಿತ್ತು. ಬೊಕ್ಕೆಯ ಕಾಲುಗಳ ಸಾಲು ನೋಡಿದರೆ ಕರುಳು ಚುರ್ ಎನ್ನುತ್ತದೆ. ಬೊಕ್ಕೆಯ ಚರ್ಮ ಕೀಳಬೇಡಿ, ಅದೇ ಅದರ ಮುಚ್ಚಳ ಎಂದು ಅಲ್ಲಿಯವರು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ನನ್ನ ಬ್ಯಾಂಡೇಜ್ ಬಿಚ್ಚಿ ನೋಡಿ, ಚೆನ್ನಾಗಿ ಕಟ್ಟಿದ್ದೀರಿ, ಯಾರು ಕಟ್ಟಿದ್ದು ಎಂದು ಕೇಳಿದರು. ಅತ್ತೆಯ ಮುಖ ನೋಡಬೇಕಿತ್ತು.

ಏಳನೇ ದಿನ: ಪೆಚ್ಚೆರುವು

ಪೆದ್ದ ಚೆರುವು, ಅಂದರೆ ದೊಡ್ಡ ಕೆರೆ. ಬಾಯಿಗೆ ಬಂದಾಗ ಪೆಚ್ಚೆರುವು. ಅಲ್ಲಿ ಚೆಂಚು ಬುಡಕಟ್ಟಿನ ಜನರ ಗೂಡೆಂ, ಅಂದರೆ ಹಾಡಿ, ಇದೆ. ಈ ಕಾಡು ಅವರದು. ಒಬ್ಬ ಚೆಂಚು ಅಜ್ಜಿ ಚಾಪೆಯ ಮೇಲೆ ಹಿಪ್ಪೆ ಹೂವು ಒಣಗಿಸುತ್ತಿದ್ದಳು. ಇಡೀ ಜಾಗ ಸಿಹಿ ವಾಸನೆ. ಒಂದು ಹಿಡಿ ಕೊಟ್ಟಳು. ಒಣದ್ರಾಕ್ಷಿ ಅಗಿದಂತೆ ಇತ್ತು. ನಡೆಯುವವರು ಇವಳ ಅಂಗಳದ ಮೇಲೆ ಹಾದು ಹೋಗುವುದು ಹದಿನೈದು ದಿನ. ಉಳಿದ ದಿನವೆಲ್ಲ ಅವಳು, ಕಾಡು.

ಅವತ್ತು ಒಂದು ತಪ್ಪು ಮಾಡಿದೆ. ಬೆಳಿಗ್ಗೆ ನೋವು ಇರಲೇ ಇಲ್ಲ. ಹುಮ್ಮಸ್ಸಿನಲ್ಲಿ ಎರಡು ಗಂಟೆ ನಿಲ್ಲದೆ ನಡೆದೆ. ಹನ್ನೊಂದು ಗಂಟೆಗೆ ಪಾದ ಶೂ ಒಳಗೆ ಹಿಡಿಸದಷ್ಟು ಊದಿತು. ಅಲ್ಲೇ ಮಲಗಿ ಕಾಲನ್ನು ಚೀಲಗಳ ಮೇಲಿಟ್ಟೆ. ಒಂದೂವರೆ ಗಂಟೆ ಹನ್ನೊಂದು ಜನರೂ ಕೂತರು. ಆಮೇಲಿಂದ ನಲವತ್ತು ನಿಮಿಷ ನಡಿಗೆ, ಹತ್ತು ನಿಮಿಷ ಕಾಲು ಮೇಲೆ ಎಂದು ತಂಗಿ ಮೊಬೈಲಿನಲ್ಲಿ ಅಲಾರಂ ಇಟ್ಟಳು. ನೋವಿಲ್ಲದಿದ್ದರೂ ಕೂರಬೇಕು, ಅದೇ ನಿಯಮ. ಅದು ಕೆಲಸ ಮಾಡಿತು.

ರಾತ್ರಿ ಪೆಚ್ಚೆರುವಿನಲ್ಲಿ ಬಯಲಲ್ಲಿ ಮಲಗಿದೆವು. ನಕ್ಷತ್ರ ಅಷ್ಟು ಹತ್ತಿರ ನಾನು ಆದೋನಿಯಲ್ಲಿ ಯಾವತ್ತೂ ನೋಡಿಲ್ಲ. ದೂರದಲ್ಲಿ ಯಾವುದೋ ಜಿಂಕೆ ಕೂಗಿತು. ಒಮ್ಮೆಗೇ ಎಲ್ಲರ ಮಾತು ನಿಂತಿತು. ಆಮೇಲೆ ಯಾರೋ "ಮಲ್ಲಯ್ಯಾ" ಎಂದರು, ಕತ್ತಲಲ್ಲಿ ನೂರಾರು ದನಿ ಅದನ್ನೇ ಹೇಳಿದವು.

ಎಂಟನೇ ದಿನ, ಮಾರ್ಚ್ 27: ಭೀಮುನಿ ಕೊಲನು

ನಡೆದು ಬಂದವರೆಲ್ಲ ಮೊದಲಿನಿಂದ ಹೆದರಿಸಿದ್ದು ಇದೊಂದಕ್ಕೇ. ಮಠಂ ಬಾವಿ ದಾಟಿದ ಮೇಲೆ ದಾರಿ ಒಂದು ಕಣಿವೆಯ ಅಂಚಿಗೆ ಬಂದು ನಿಲ್ಲುತ್ತದೆ. ಕೆಳಗೆ ಭೀಮನ ಕೊಳ, ಆಚೆ ಕಡೆ ಎದ್ದು ನಿಂತ ಬೆಟ್ಟ. ಕಲ್ಲಿನ ಮೆಟ್ಟಿಲಲ್ಲಿ ಇಳಿಯಬೇಕು, ಮತ್ತೆ ಅಷ್ಟೇ ಏರಬೇಕು. ಶ್ರೀಶೈಲದ ದಾರಿಗೆ ಹದಿನಾಲ್ಕನೇ ಶತಮಾನದಲ್ಲಿ ಮೆಟ್ಟಿಲು ಕಟ್ಟಿಸಿದ್ದು ಕೊಂಡವೀಡಿನ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ ಎಂದು ಚರಿತ್ರೆ ಹೇಳುತ್ತದೆ. ಸವೆದು ನುಣುಪಾದ ಕಲ್ಲು. ಒಂದೊಂದು ಮೆಟ್ಟಿಲು ಒಂದೊಂದು ಎತ್ತರ.

ಇಳಿಯುವುದೇ ಕಷ್ಟ ಎಂದು ಅಲ್ಲಿ ತಿಳಿಯಿತು. ನೋವಿನ ಕಾಲು ಮೊದಲು, ಕೋಲು ಜೊತೆಗೆ, ಆಮೇಲೆ ಒಳ್ಳೆಯ ಕಾಲು. ಮತ್ತೆ ನೋವಿನ ಕಾಲು. ಒಬ್ಬ ಹುಡುಗ ನನಗಿಂತ ಎರಡು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ ಹಿಂದೆ ಹಿಂದೆ ಇಳಿದ. ಜಾರಿದರೆ ಅವನ ಮೇಲೆಯೇ ಬೀಳಬೇಕು. ಇನ್ನೊಬ್ಬ ಹಿಂದಿನಿಂದ ನನ್ನ ಸೊಂಟಕ್ಕೆ ಕಟ್ಟಿದ ಟವೆಲಿನ ತುದಿ ಹಿಡಿದಿದ್ದ. ದಿನವೂ ನೂರು ಕೆಜಿ ಅಂಡಿಗೆ ಹೊರುವ ಕೈ ಅವು. ಆ ಟವೆಲು ಒಂದು ಸಲವೂ ಎಳೆಯಲಿಲ್ಲ, ಒಂದು ಸಲವೂ ಸಡಿಲವಾಗಲಿಲ್ಲ.

ಬೇರೆ ಊರಿನವರು ದಾರಿ ಬಿಟ್ಟು ನಿಂತರು. "ಸಾವಕಾಶ ಬಾರವ್ವ, ಮಲ್ಲಯ್ಯ ಎಲ್ಲಿಗೂ ಹೋಗಂಗಿಲ್ಲ" ಎಂದ ಒಬ್ಬ ಅಜ್ಜ. ಉಳಿದವರು ಅರ್ಧ ಗಂಟೆಯಲ್ಲಿ ಇಳಿಯುವ ಜಾಗಕ್ಕೆ ನನಗೆ ಒಂದೂಮುಕ್ಕಾಲು ಗಂಟೆ ಬೇಕಾಯಿತು. ಕೆಳಗೆ ನೀರಿನ ಹತ್ತಿರ ಬಂದಾಗ ಕಾಲು ಗಡಗಡ ನಡುಗುತ್ತಿತ್ತು. ಅತ್ತಿಗೆ ಲಿಂಬೆ, ಉಪ್ಪು, ಸಕ್ಕರೆ ಕಲಸಿದ ನೀರು ಕುಡಿಸಿದರು. ಬರಿ ನೀರು ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ವಾಪಸು ಬರುವುದಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ.

ಏರುವುದು ಉಸಿರಿನ ಕೆಲಸ. ಹತ್ತು ಮೆಟ್ಟಿಲು, ನಿಲ್ಲು. ಹತ್ತು ಮೆಟ್ಟಿಲು, ನಿಲ್ಲು. ಕೈಲಾಸ ದ್ವಾರದ ಕಮಾನು ಕಂಡಾಗ ಅತ್ತೆ ನಿಂತು ತಿರುಗಿದರು. ಅಷ್ಟು ದಿನ ನನ್ನ ಮುಂದೆ ನಡೆದವರು ಪಕ್ಕಕ್ಕೆ ಸರಿದು, "ನೀ ಮೊದಲು ಹೋಗು" ಎಂದರು. ನಾನು ಒಪ್ಪಲಿಲ್ಲ. ಇಬ್ಬರೂ ಒಟ್ಟಿಗೆ ದಾಟಿದೆವು. ಅಲ್ಲಿಂದ ಹಟಕೇಶ್ವರ, ಆಮೇಲೆ ಊರು. ದೀಪ ಹತ್ತುವ ಹೊತ್ತಿಗೆ ಶ್ರೀಶೈಲ.

ಶ್ರೀಶೈಲದಲ್ಲಿ

ಮರುದಿನ ದರ್ಶನದ ಸಾಲು ಉದ್ದವಿತ್ತು. ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ, ಕಾಲು ನೋಯುವವರು ಒಂದು ಮಡಚುವ ಸಣ್ಣ ಸ್ಟೂಲು ತಂದರೆ ಒಳ್ಳೆಯದು. ಸಾಲಿನಲ್ಲಿ ಮುಂದೆ ನಿಂತಿದ್ದ ಮುಧೋಳದ ಹೆಂಗಸು ಅತ್ತೆಯನ್ನು ಕೇಳಿದಳು: "ಎಷ್ಟನೇ ವರ್ಷ ಯವ್ವ?"

ನನ್ನ ಎದೆ ಹೊಡೆದುಕೊಂಡಿತು. ಕರ್ನೂಲಿನ ಆಟೋ, ಆತ್ಮಕೂರಿನ ಬಸ್ಸು ಕಣ್ಣ ಮುಂದೆ ಬಂದವು.

"ಹನ್ನೆರಡು" ಎಂದರು ಅತ್ತೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಮಲ್ಲಯ್ಯನ ದರ್ಶನವಾಗಿ ಅಮ್ಮನವರ ಗುಡಿಗೆ ಹೋದಾಗ ಟವೆಲು ಬಿಚ್ಚಿ ಕುಪ್ಪಸ ತೆಗೆದೆ. ಒಂದು ಮೂಲೆ ಬೆವರಿಗೆ ಸ್ವಲ್ಪ ಮಾಸಿತ್ತು. ಅತ್ತೆ ತಮ್ಮ ಸೀರೆ, ಅರಿಶಿನ ಕುಂಕುಮದ ಮೇಲೆ ಅದನ್ನಿಟ್ಟು ನನ್ನ ಕೈಗೇ ತಟ್ಟೆ ಕೊಟ್ಟರು.

ಯುಗಾದಿಯವರೆಗೆ ಉಳಿದೆವು. ಹಿಂದಿನ ರಾತ್ರಿ ದೇವರ ಹೆಸರಲ್ಲಿ ಮೈಗೆ ಶಸ್ತ್ರ ಚುಚ್ಚಿಕೊಳ್ಳುವ ನಮ್ಮ ಕಡೆಯ ವೀರಾಚಾರದವರ ಸೇವೆ, ಅಗ್ನಿಗುಂಡ. 30ರಂದು ಬೇವು ಬೆಲ್ಲ, ಸಂಜೆ ತೇರು. ಪಾತಾಳಗಂಗೆಗೆ ನಾನು ಮೆಟ್ಟಿಲು ಇಳಿಯಲಿಲ್ಲ, ರೋಪ್‌ವೇಯಲ್ಲಿ ಹೋದೆ. ನೀರು ಹಸಿರಾಗಿ, ಆಳವಾಗಿ ನಿಂತಿತ್ತು. ಕರ್ನೂಲಿನಲ್ಲಿ ಕಾಲು ತೋಯಿಸಿದ ನೀರು ಇದರಲ್ಲಿ ಎಲ್ಲೋ ಇದೆ ಎಂದುಕೊಂಡೆ.

ಮರುದಿನ ವಾಪಸು. ದೋರ್ನಾಲ, ಆತ್ಮಕೂರು ಮೇಲೆ ಬಸ್ಸು. ಎಂಟು ದಿನದ ದಾರಿ ಕಿಟಕಿಯಲ್ಲಿ ಉಲ್ಟಾ ಓಡುತ್ತಿತ್ತು. ಆ ಹಳ್ಳಿ ಬಂದಾಗ ಅತ್ತೆ ಎದ್ದು ಡ್ರೈವರ್ ಹತ್ತಿರ ಹೋಗಿ ಎರಡು ನಿಮಿಷ ಎಂದು ಬೇಡಿಕೊಂಡರು. ಅಂಗಡಿಯಾಕೆ ಬೇವಿನ ಮರದ ಕೆಳಗೇ ಇದ್ದಳು. ಪ್ರಸಾದ ಕೊಟ್ಟೆ. ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಬಗ್ಗಿ, ಕೀಲಿನ ಪಕ್ಕ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಳು. ಒತ್ತಿದ ಕಡೆ ಗುಳಿ ಬಿತ್ತು.

"ಇಂಕಾ ವಾಪು ಉಂದಿ" ಎಂದಳು. ಇನ್ನೂ ಊತವಿದೆ ಎಂದು. ಆಮೇಲೆ ಬಸ್ಸಿನ ಹಾರನ್ ಕೇಳುತ್ತಿದ್ದರೂ ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಳು.